ಸೋಲಾರ್ ಹಲಗೆಯ ಮೇಲೆ ಬಾಳಕದ ಮೆಣಸಿನಕಾಯಿ

ಒಳ್ಳೆಯ ಬಿಸಿಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಲವರಿಗೆ ಖಾಲಿ ಗೋಡೆ ಕಂಡರೆ ಮೊಳೆ ಹೊಡೆಯಬೇಕು, ಕೆಲವರಿಗೆ ಖಾಲಿ ಸೀಟು ಕಂಡರೆ ಟವೆಲು ಹಾಕಬೇಕು. ನನಗೆ ಬಿಸಿಲು ಬಿದ್ದ ಜಾಗ ಖಾಲಿ ಇದ್ದರೆ ಅಲ್ಲಿ ಏನನ್ನಾದರೂ ಹರಡಬೇಕು. ಅದರಲ್ಲೂ ನಾನಿರುವ ಮಿಶಿಗನ್ನಿನಲ್ಲಿ ಬಿಸಿಲು ಎಂದರೆ ಅಪರೂಪಕ್ಕೆ ಬರುವ ಬೀಗರಿದ್ದ ಹಾಗೆ, ಸುಮ್ಮನೆ ಕಳಿಸಲು ಮನಸ್ಸು ಬರುವುದಿಲ್ಲ. ಆದರೆ ಪ್ಲಿಮತ್ ಊರಿನ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಮನೆ ಮುಂದೆ ಏನನ್ನೂ ಒಣಹಾಕಬಾರದು ಎಂದು ರೂಲ್ಸು. ಒಮ್ಮೆ ಡ್ರೈವ್‌ವೇ ಮೇಲೆ ಅಕ್ಕಿ ಸಂಡಿಗೆ ಇಟ್ಟಿದ್ದೆ. ಎದುರು ಮನೆಯಾಕೆ ಬಂದು, ಮನೆಯಲ್ಲಿ ಎಲ್ಲರೂ ಕ್ಷೇಮ ತಾನೆ ಎಂದು ನನ್ನ ಮಗಳನ್ನು ಬಹಳ ಕನಿಕರದಿಂದ ವಿಚಾರಿಸಿಕೊಂಡು ಹೋದಳು. ಅವತ್ತಿನಿಂದ ನನ್ನ ಸಂಡಿಗೆಗೆ ಓವನ್ನೇ ಗತಿ. ಓವನ್ನಿನಲ್ಲಿ ಒಣಗಿದ ಸಂಡಿಗೆಗೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದವರ ಮುಖದ ಕಳೆ ಇರುತ್ತದೆ.

ನನ್ನ ಓದು ನಾಲ್ಕನೇ ಕ್ಲಾಸಿಗೆ ಮುಗಿದದ್ದು, ಬರೆಯುವುದರಲ್ಲಿ ಹಿಂದೆ ಮುಂದೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಈ ಸಂತೋಷವನ್ನು ಬರೆಯದೆ ಇರಲಾರೆ. ಹೋದ ಬೇಸಿಗೆಯಲ್ಲಿ, ಕಾಡಿನಲ್ಲಿ ಟೆಂಟು ಹಾಕಿ ಮೂರು ದಿನ ಇದ್ದು ಬರುವ ಮಾತು ಎದ್ದಾಗ, ನನ್ನ ಮೊಮ್ಮಗಳು ಅನು ಊಟದ ಮೇಜಿನಲ್ಲಿ, ಫೋನಿನಿಂದ ತಲೆ ಎತ್ತಿ, "ಅಜ್ಜಿ ಈಸ್ ಕಮಿಂಗ್. ನೋ ಅಜ್ಜಿ, ನೋ ಕ್ಯಾಂಪಿಂಗ್" ಎಂದಳು. ಹದಿಮೂರು ವರ್ಷದ ಹುಡುಗಿ, ಕೋಣೆ ಬಾಗಿಲು ತೆರೆಯುವುದೇ ದೊಡ್ಡ ಸಮಾಚಾರ, ಅಂಥವಳು ನಾನು ಬೇಕು ಎನ್ನುವುದೇ! ಸಾರು ಬಡಿಸುತ್ತಿದ್ದ ಸೌಟು ನನ್ನ ಕೈಯಲ್ಲೇ ನಿಂತುಹೋಯಿತು. ನನ್ನ ಮಗಳು ಸುಮಾ ಮಾತ್ರ, "ಜಾಸ್ತಿ ಹಿಗ್ಗಬೇಡಮ್ಮ. ನೀನು ಬರದಿದ್ರೆ ಮೂರು ದಿನ ಬ್ರೆಡ್ಡೇ ಗತಿ ಅಂತ ಅವಳಿಗೆ ಗೊತ್ತು" ಎಂದಳು. ಗೊತ್ತಿರಲಿ ಬಿಡಿ. ಬ್ರೆಡ್ಡಿಗಿಂತ ಮೇಲೆ ಎನ್ನಿಸಿಕೊಳ್ಳುವುದೂ ಒಂದು ಮರ್ಯಾದೆಯೇ.

ಈ ಕ್ಯಾಂಪಿಂಗಿನ ಮುಖ್ಯ ದೇವರು ಎರಡು ಎಲೆಕ್ಟ್ರಿಕ್ ಮೌಂಟನ್ ಬೈಕುಗಳು. ನನ್ನ ಅಳಿಯ ರಘು ಧಾರವಾಡದ ಕಡೆಯವರು, ಬಹಳ ಸಾಧು ಮನುಷ್ಯ, ಆದರೆ ಬೈಕಿನ ವಿಷಯಕ್ಕೆ ಬಂದರೆ ಪ್ರವಚನವೇ. ತುಳಿಯಬೇಕಂತೆ, ಆದರೆ ತುಳಿದಷ್ಟಕ್ಕೆ ಬ್ಯಾಟರಿಯೂ ಸೇರಿ ತುಳಿಯುತ್ತದಂತೆ, ಗುಡ್ಡ ಕೂಡ ಚಪ್ಪಟೆಯಾದಂತೆ ಅನ್ನಿಸುತ್ತದಂತೆ. ಬ್ಯಾಟರಿ ಮುಗಿದರೆ ಮಾತ್ರ ಎಮ್ಮೆಯ ಭಾರ. ಅನುವಿನ ಆಸೆಯೆಲ್ಲ ಒಂದೇ, ಕಾಡಿನೊಳಗಿನ ಗುಡ್ಡವನ್ನು ಬೈಕಿನಲ್ಲಿ ಹತ್ತಿ, ಮೇಲಿನಿಂದ ದೊಡ್ಡ ಸರೋವರ ನೋಡುವುದು. ಅದು ಕೊನೆಯ ದಿನಕ್ಕೆ ಎಂದು ನಿಗದಿಯಾಗಿತ್ತು. ಒಬ್ಬಳನ್ನೇ ಕಳಿಸುವ ಮಾತಿಲ್ಲ, ಅಪ್ಪನ ಜೊತೆಗೇ ಹೋಗಬೇಕು.

ನಾವು ಹೋದ ಜಾಗದಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಇಂಥ ಕಡೆ ಇರಲು ಆರು ತಿಂಗಳ ಮುಂಚೆ ಬುಕ್ ಮಾಡಬೇಕಂತೆ! ಬೈಕುಗಳ ಹೊಟ್ಟೆ ತುಂಬಿಸಲು ಅಳಿಯಂದಿರು ಟ್ರಂಕಿನಷ್ಟು ದೊಡ್ಡ ಬ್ಯಾಟರಿ ಪೆಟ್ಟಿಗೆ ತಂದಿದ್ದರು. ಮನೆಯಿಂದ ತುಂಬಿಸಿ ತಂದ ಕರೆಂಟನ್ನು ಬೈಕುಗಳು ಮೊದಲ ದಿನವೇ ಕುಡಿದು ಮುಗಿಸಿದವು. ಎರಡನೇ ದಿನ ಬೆಳಿಗ್ಗೆ ಅಳಿಯಂದಿರು, ಮಡಿಸಿದ ಕಪ್ಪು ಹಲಗೆಯೊಂದನ್ನು ಹುಲ್ಲಿನ ಮೇಲೆ ಬಿಡಿಸಿಟ್ಟು, ಅದರ ವೈರನ್ನು ಪೆಟ್ಟಿಗೆಗೆ ಚುಚ್ಚಿ, "ಅತ್ತಿ, ಇನ್ನ ಎಲ್ಲಾ ಬಿಸಿಲಿನ ಕೈಯಾಗ ಐತಿ ನೋಡ್ರಿ" ಎಂದು ಹೇಳಿ, ಹೆಂಡತಿ ಮಗಳನ್ನು ಕರೆದುಕೊಂಡು ನೀರಿನ ಕಡೆ ನಡೆದುಹೋದರು. ಮಂಡಿ ನೋವಿನ ನಾನು ಟೆಂಟಿನ ಕಾವಲಿಗೆ ಉಳಿದೆ.

ಈಗ ನನ್ನ ಡಬ್ಬದ ವಿಷಯ ಹೇಳಬೇಕು. ಹೊರಡುವ ಎರಡು ದಿನ ಮುಂಚೆ ನಾನು ಬಾಳಕದ ಮೆಣಸಿನಕಾಯಿಗೆ ಕೈ ಹಾಕಿದ್ದೆ. ಅಳಿಯಂದಿರಿಗೆ ಮೊಸರನ್ನದ ಜೊತೆ ಅದಿಲ್ಲದಿದ್ದರೆ ಊಟ ಮುಗಿದಂತಾಗುವುದಿಲ್ಲ. ಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ರಾತ್ರಿ ನೆನೆಸಬೇಕು, ಹಗಲು ಒಣಗಿಸಬೇಕು, ಮತ್ತೆ ನೆನೆಸಬೇಕು, ಮತ್ತೆ ಒಣಗಿಸಬೇಕು. ನಡುವೆ ಬಿಟ್ಟು ಹೋದರೆ ಬೂಸಲು ಬರುತ್ತದೆ. ಹಸುಗೂಸನ್ನು ಬಿಟ್ಟು ಹೋಗುತ್ತಾರೆಯೇ? ಡಬ್ಬದ ಸಮೇತ ತಂದಿದ್ದೆ. ಕಾಡಿನಲ್ಲಿ ಆಹಾರ ಹೊರಗಿಡಬೇಡಿ, ಕರಡಿ ಬರುತ್ತದೆ ಎಂದು ಬೋರ್ಡಿತ್ತಂತೆ. ನನ್ನ ಬಾಳಕ ತಿಂದ ಕರಡಿ ಸೀದಾ ಕೆನಡಾಕ್ಕೇ ಓಡಬೇಕು, ಆ ಭಯ ನನಗಿರಲಿಲ್ಲ.

ಹುಲ್ಲೆಲ್ಲ ಇಬ್ಬನಿ. ಮೇಜಿನ ಮೇಲೆ ಮರದ ನೆರಳು. ಇಡೀ ಬಯಲಿನಲ್ಲಿ ಒಂದೇ ಒಂದು ಜಾಗ ಸೂರ್ಯನಿಗೆ ಎದೆಯೊಡ್ಡಿ, ಕಪ್ಪಗೆ, ಬೆಚ್ಚಗೆ, ಹಂಚಿನಂತೆ ಕಾದು ಕೂತಿತ್ತು. ನನ್ನಾಣೆ, ಅಳಿಯಂದಿರು ನನಗಾಗಿಯೇ ಹಾಸಿಟ್ಟು ಹೋಗಿದ್ದಾರೆ ಎನ್ನಿಸಿತು. "ಎಲ್ಲಾ ಬಿಸಿಲಿನ ಕೈಯಾಗ" ಎಂದಿದ್ದರಲ್ಲ! ಹಲಗೆಗೆ ಉಪ್ಪು ತಾಗದಿರಲಿ ಎಂದು ಬಹಳ ಜವಾಬ್ದಾರಿಯಿಂದ ಬಿಳಿ ಪಂಚೆಯೊಂದನ್ನು ಮಡಿಸಿ ಹಾಸಿ, ಮೂಲೆಮೂಲೆಗೂ ಮೆಣಸಿನಕಾಯಿ ಹರಡಿದೆ. ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿದೆ. ಅಷ್ಟು ತೃಪ್ತಿಯ ಹಗಲನ್ನು ನಾನು ಅಮೆರಿಕಾದಲ್ಲಿ ಕಂಡಿರಲಿಲ್ಲ.

ಸಂಜೆ ಮೂವರೂ ಬಂದರು. ಅಳಿಯಂದಿರು ಪೆಟ್ಟಿಗೆಯ ಗಾಜಿನಲ್ಲಿ ಕಾಣುವ ಅಂಕಿ ನೋಡಿದರು, ವೈರನ್ನು ಹಿಡಿದು ನೋಡಿದರು, ಆಮೇಲೆ ಹಲಗೆಯ ಕಡೆ ತಿರುಗಿದರು. ಅತ್ತೆಯನ್ನು ಬೈಯುವ ಪದ್ಧತಿ ಅವರ ಮನೆತನದಲ್ಲಿ ಇಲ್ಲ. ಕೊನೆಗೆ ಒಂದು ಮೆಣಸಿನಕಾಯಿ ಕೈಗೆತ್ತಿಕೊಂಡು, "ಮೆಣಸಿನಕಾಯಿ ಛಲೋ ಒಣಗ್ಯಾವ್ರಿ ಅತ್ತಿ. ಬ್ಯಾಟ್ರಿನೂ ಒಣಗೇತಿ" ಎಂದರು.

ಸುಮಾ ತಲೆ ಚಚ್ಚಿಕೊಂಡಳು. "ಅಮ್ಮಾ! ಸೋಲಾರ್ ಪ್ಯಾನೆಲ್ ಅದು! ಅದರ ಮೇಲೆ ಬಿಸಿಲು ಬೀಳ್ಬೇಕು!"

"ಬಿಸಿಲು ಬಿದ್ದೇ ಇತ್ತಲ್ಲೇ. ನಾನೇನು ಬಿಸಿಲು ತೆಗೆದ್ನಾ?"

"ಬಿದ್ದಿದ್ದೆಲ್ಲ ನಿನ್ನ ಮೆಣಸಿನಕಾಯಿ ತಿಂತು!"

ಕಾರಿನಿಂದ ತುಂಬಿಸಿ ಎಂದೆ. ಗಂಟೆಗಟ್ಟಲೆ ಇಂಜಿನ್ ಓಡಿಸಿದರೆ ಪಕ್ಕದ ಟೆಂಟಿನವರು ಬಂದು ಹೊಡೆಯುತ್ತಾರೆ ಎಂದಳು ಸುಮಾ. ನಾನು ಅನುವಿನ ಮುಖ ನೋಡಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ಸೋ ನೋ ರೈಡ್?" ಎಂದಷ್ಟೇ ಕೇಳಿ ಟೆಂಟಿನೊಳಗೆ ಹೋಗಿ ಜಿಪ್ಪು ಎಳೆದುಕೊಂಡಳು. ಮನೆಯ ಬಾಗಿಲಿಗಾದರೆ ತಟ್ಟಬಹುದು, ಜಿಪ್ಪಿಗೆ ಎಲ್ಲಿ ತಟ್ಟುವುದು? ಎಲ್ಲರನ್ನೂ ಬಿಟ್ಟು ನನ್ನನ್ನು ಕರೆದ ಮಗು, ಅದರ ಗುಡ್ಡವನ್ನು ನಾನೇ ಮಜ್ಜಿಗೆಯಲ್ಲಿ ಮುಳುಗಿಸಿದ್ದೆ.

ಮರುದಿನ ಸೂರ್ಯ ಮರದ ಮೇಲೆ ಬರುವ ಮುಂಚೆಯೇ ನಾನು ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಮಧ್ಯಾಹ್ನ ಮೂರು ಗಂಟೆಗೆ ಜಾಗ ಖಾಲಿ ಮಾಡಬೇಕು, ಅಷ್ಟರೊಳಗೆ ಗುಡ್ಡ ಹತ್ತಿ ಇಳಿಯಬೇಕು. ಸೆರಗಿನಿಂದ ಹಲಗೆ ಒರೆಸಿದೆ. ಮೇಲೆ ಕಾಗೆ ಹಾರಿದರೆ ಹುಶ್ ಎಂದೆ. "ಅತ್ತಿ, ಇದನ್ನ ಕಾಗಿ ತಿನ್ನೂದಿಲ್ರಿ" ಎಂದರು ಅಳಿಯ. ಬಿಸಿಲು ಏರಿತು, ನೆತ್ತಿ ಕಾಯಿತು, ಕೊಡೆ ಬಿಚ್ಚಿಕೊಂಡೆ. ಆಗ ಪೆಟ್ಟಿಗೆಯ ಹತ್ತಿರವಿದ್ದ ಅಳಿಯ, "ಯಾಕೋ ಕರೆಂಟ್ ಬಿದ್ದಹೋತಲ್ಲ" ಎಂದು ಗೊಣಗಿದರು. ಟೆಂಟಿನ ಜಿಪ್ಪು ಸರ್ರನೆ ತೆರೆಯಿತು. ಅನು ತಲೆ ಹೊರಹಾಕಿ, "ಅಜ್ಜೀ! ಯುವರ್ ಅಂಬ್ರೆಲಾ!" ಎಂದು ಕಿರುಚಿದಳು. ನನ್ನ ಕೊಡೆಯ ನೆರಳು ಹಲಗೆಯ ತುಂಬ ಕೂತಿತ್ತು. ಈ ಸಲ ಅವಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಉರುಳಿದಳು. ಅಬ್ಬ, ನನ್ನ ಜೀವಕ್ಕೆ ತಂಪಾಯಿತು. ನನ್ನ ಕುರ್ಚಿಯನ್ನು ಅವಳೇ ಎಳೆದು ದೂರದ ಮರದ ಕೆಳಗೆ ಹಾಕಿ, ಅಲ್ಲಿಂದ ಏಳಬಾರದು ಎಂದು ಆರ್ಡರ್ ಮಾಡಿದಳು.

ಹೊರಡುವ ಹೊತ್ತಿಗೆ ತುಂಬಿದ್ದು ಒಂದೇ ಬ್ಯಾಟರಿ, ಅದೂ ಅರ್ಧ. ಅಳಿಯಂದಿರು ಅದನ್ನು ಮಗಳ ಬೈಕಿಗೆ ಹಾಕಿ, ತಾವು ಎಮ್ಮೆಭಾರದ ಬೈಕನ್ನು ಸ್ವಂತ ಕಾಲಿನಲ್ಲೇ ತುಳಿಯುತ್ತ ಹೊರಟರು. ಅವರಿಗೆ ಈಚೆಗೆ ಸ್ವಲ್ಪ ಹೊಟ್ಟೆ ಬಂದಿದೆ. ಆ ಹೊಟ್ಟೆಗೆ ನಾನೇ ಕಾರಣ ಎನ್ನುತ್ತಾಳೆ ಸುಮಾ. ಅವರು ಬರುವವರೆಗೆ ನಾನು ದೇವರಿಗೆ ಹೇಳಿಕೊಳ್ಳುತ್ತಾ ಕೂತೆ.

ಮೊದಲು ಅನು ಬಂದಳು, ಮುಖವೆಲ್ಲ ಕೆಂಪು, ಹಲ್ಲೆಲ್ಲ ಹೊರಗೆ. "ಬೆಸ್ಟ್ ರೈಡ್ ಎವರ್!" ಎಂದಳು. ಯಾವಾಗಲೂ ಅಪ್ಪ ಮುಂದೆ ಹೋಗಿ, ನಿಂತು, ಗೇರು ಹೀಗೆ ಹಾಕು, ಉಸಿರು ಹಾಗೆ ಬಿಡು ಎಂದು ಪಾಠ ಹೇಳುತ್ತಿದ್ದರಂತೆ. ಇವತ್ತು ಪ್ರತಿ ಏರಿನಲ್ಲೂ ಇವಳೇ ಮುಂದೆ ಹೋಗಿ, ನಿಂತು, ಅಪ್ಪನಿಗೆ ಪಾಠ ಹೇಳಿದಳಂತೆ. ಸರೋವರ ಹೇಗಿತ್ತು ಎಂದೆ. ಸರೋವರ ಚೆನ್ನಾಗಿತ್ತು, ಅಪ್ಪನ ಮುಖ ಇನ್ನೂ ಚೆನ್ನಾಗಿತ್ತು ಎಂದಳು. ಬಹಳ ಹೊತ್ತಿನ ಮೇಲೆ ಅಳಿಯಂದಿರು ಬೈಕನ್ನು ತಳ್ಳಿಕೊಂಡು ಬಂದು, ಕುರ್ಚಿಯಲ್ಲಿ ಕುಸಿದು ಕೂತರು. ನಾನು ಬಾಳಕ ಕರಿದು ಮೊಸರನ್ನದ ಮೇಲಿಟ್ಟು ಕೊಟ್ಟೆ. ಮೂರು ಸಲ ಹಾಕಿಸಿಕೊಂಡರು.

ಮನೆಗೆ ಬಂದ ಮೇಲೆ ಗರಾಜಿನಲ್ಲಿ ಆ ಹಲಗೆ ಕಂಡಿತು. ಅದರ ಅಂಚಿಗೆ ಬಿಳಿ ಟೇಪು, ಟೇಪಿನ ಮೇಲೆ ಸೊಟ್ಟಸೊಟ್ಟ ಕನ್ನಡ ಅಕ್ಷರ: "ಅಜ್ಜಿ, ಇಲ್ಲಿ ಬೇಡ." ಅನು ಅಮ್ಮನಿಂದ ಹೇಳಿಸಿಕೊಂಡು ತಾನೇ ಬರೆದದ್ದು. ಹದಿಮೂರು ವರ್ಷಕ್ಕೆ ನನ್ನ ಮೊಮ್ಮಗಳು ಬರೆದ ಮೊದಲ ಕನ್ನಡ, ಅದೂ ನನ್ನ ಹೆಸರಿಗೆ! ಮನೆಗೆ ಬಂದವರನ್ನೆಲ್ಲ ಗರಾಜಿಗೆ ಕರೆದುಕೊಂಡು ಹೋಗಿ ಓದಿ ತೋರಿಸುತ್ತೇನೆ. ದಿನಕ್ಕೊಮ್ಮೆ ನಾನೂ ಓದಿಕೊಳ್ಳುತ್ತೇನೆ. ನಾಲ್ಕನೇ ಕ್ಲಾಸಿನವಳಾದರೂ ನಾನು ಓದುವುದನ್ನು ಸರಿಯಾಗಿ ಓದುತ್ತೇನೆ. ಇಲ್ಲಿ ಬೇಡ ಎಂದಷ್ಟೇ ಇದೆ. ಕಾರಿನ ಬಾನೆಟ್ಟಿನ ಮೇಲೆ ಬೇಡ ಎಂದು ಎಲ್ಲೂ ಬರೆದಿಲ್ಲ. ಮುಂದಿನ ಕ್ಯಾಂಪಿಂಗಿಗೆ, ಸಂಡಿಗೆಗೆಂದು ಸಬ್ಬಕ್ಕಿ ತರಿಸಿಟ್ಟಿದ್ದೇನೆ.