ಪಂಕ್ತಿಯ ಕಡೆಯ ಎಲೆ

ನನ್ನ ಸೋದರಮಾವನವರು ವಾರದಲ್ಲಿ ಆರು ದಿನ ಊಟದ ಭಕ್ತರು, ಒಂದು ದಿನ ಉಪವಾಸದ ಭಕ್ತರು. ಈ ಎರಡು ಭಕ್ತಿಗಳ ನಡುವೆ ಸಿಕ್ಕಿ ಪುಡಿಯಾದದ್ದು ಮಾತ್ರ ನನ್ನ ಕಾಲೇಜು!

ಪ್ರತಿ ಗುರುವಾರ ಅವರು ನೀರಲ್ಲದೆ ಬೇರೇನನ್ನೂ ಮುಟ್ಟರು. ಯಾವ ವ್ರತವೆಂದು ಕೇಳಿದರೆ "ಗುರುವಾರದ್ದು" ಎನ್ನುವರು. ದೇವರು ಯಾರು? ಉತ್ತರವಿಲ್ಲ. ಸಂಕಲ್ಪವೇನು? ಅದೂ ಇಲ್ಲ. ಮುಂದೆ ನಾನು ಓದಿದ ಯಾವ ವ್ರತಗ್ರಂಥದಲ್ಲಿಯೂ ಅದರ ವಿಧಿ ದೊರೆಯಲಿಲ್ಲ. ದೇವರೇ ಇಲ್ಲದ ವ್ರತವನ್ನು ಅಷ್ಟೊಂದು ನಿಷ್ಠೆಯಿಂದ ನಡೆಸಿದ ಮತ್ತೊಬ್ಬರನ್ನು ನಾನು ಕಂಡಿಲ್ಲ.

ಶಿರಸಿಯಲ್ಲಿ ಕಾಲೇಜು ಆರಂಭವಾದ ಹೊಸತು. ತಂದೆಯಿಲ್ಲದ ನನಗೆ ಮಾವನವರೇ ಯಜಮಾನರು. ಹೇರೂರಿನಿಂದ ನಾನು, ಯಲ್ಲಾಪುರದಿಂದ ಅವರು, ಒಂದು ಸೋಮವಾರ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಕೂಡಿದೆವು. ಪರವೂರಿನ ವಿದ್ಯಾರ್ಥಿ ತಾನು ಉಳಿಯುವ ವಸತಿಯ ಚೀಟಿ ತಂದರೆ ಮಾತ್ರ ಹೆಸರು ಬರೆದುಕೊಳ್ಳುವರು. ಗುರುವಾರ ಸಂಜೆಗೆ ಗಡುವು. ನನಗೋ ಭೌತಶಾಸ್ತ್ರದ ಹುಚ್ಚು. ಹಾಸ್ಟೆಲ್ ಆರಿಸಲು ನಾಲ್ಕು ದಿನ ಸಾಲದೇ?

ಮಾವನವರು ಕೋಣೆ ನೋಡಲಿಲ್ಲ, ಕಿಟಕಿ ನೋಡಲಿಲ್ಲ. ಮೊದಲನೆಯ ಹಾಸ್ಟೆಲಿಗೆ ಹೋದವರೇ ಊಟದ ಪಂಕ್ತಿಯ ಕಟ್ಟಕಡೆಯ ಎಲೆಗೆ ಕುಳಿತರು.

"ಮಾವಾ, ಮುಂದೆ ಜಾಗ ಇದ್ದು."

"ಮೊದಲ ಎಲೆಗೆ ಕಳ್ಳನೂ ಚೊಲೋ ಬಡಸ್ತ. ಹಾಸ್ಟೆಲ್ ಎಂಥದ್ದು ಹೇಳಿ ಗೊತ್ತಪ್ಪದು ಕಡೇ ಎಲೇಲಿ, ಮಾಣಿ!"

ಸಾರು ಕಡೆಯ ಎಲೆಗೆ ಬರುವಷ್ಟರಲ್ಲಿ ಅದರಲ್ಲಿ ಬೇಳೆಯ ನೆನಪಷ್ಟೇ ಉಳಿದಿತ್ತು. ನಾನು ಆಗಲೇ ಬಿಚ್ಚಿಟ್ಟಿದ್ದ ಹಾಸಿಗೆ ಮತ್ತೆ ಸುರುಳಿಯಾಯಿತು.

ಮಂಗಳವಾರದ ಹಾಸ್ಟೆಲಿನಲ್ಲಿ ಸಾರು ಗಟ್ಟಿಯಾಗಿತ್ತು. ನನಗೆ ಹೋದ ಜೀವ ಬಂದಂತಾಯಿತು. ಮಾವನವರು ಒಮ್ಮೆ ಮಜ್ಜಿಗೆ ಕೇಳಿದರು, ಬಂತು. ಎರಡನೆಯ ಸಲ ಕೇಳಿದರು, ಬಂತು. ಮೂರನೆಯ ಸಲ ಕೇಳಿದರು, ಅದೂ ಬಂತು. ಹೊರಗೆ ಬಂದವರೇ, "ಇದು ಬ್ಯಾಡ," ಎಂದರು.

"ಕೇಳಿದಷ್ಟೂ ಕೊಟ್ನಲಾ ಮಾವಾ!"

"ಕೊಟ್ಟ. ಮೋರೆ ನೋಡಿ ಕೊಟ್ಟ."

ಬುಧವಾರ ಹಾವೇರಿ ಕಡೆಯವರೊಬ್ಬರ ಖಾನಾವಳಿ. ಮೇಲ್ಮಹಡಿಯಲ್ಲಿ ವಿದ್ಯಾರ್ಥಿಗಳಿಗೆ ಕೋಣೆಗಳು. "ಬರ್ರಿ ಯಜಮಾನ್ರ, ಕೂಡ್ರಿ," ಎಂದು ಕೈತುಂಬ ಬಡಿಸಿದರು. ಆದರೆ ತಡವಾಗಿ ಬಂದ ವಿದ್ಯಾರ್ಥಿಯೊಬ್ಬನಿಗೆ, "ಉಳದದ್ದು ಇಷ್ಟ ನೋಡಪಾ," ಎಂದುಬಿಟ್ಟರು. ಮಾವನವರು ಅರ್ಧ ಊಟದಲ್ಲೇ ಎಲೆಯಿಂದ ಕೈಯೆತ್ತಿದರು.

"ಯಜಮಾನ್ರ, ನೀವು ಉಣ್ಣಾಕ ಬಂದೀರೋ, ತೀರ್ಪು ಕೊಡಾಕ ಬಂದೀರೋ?"

"ಎರಡಕ್ಕೂ!"

ಗುರುವಾರದ ವಸತಿಗೃಹವನ್ನು ಇಂದಿಗೂ ಮರೆತಿಲ್ಲ. ಬೆಳಕಿನ ಕೋಣೆ, ಒಂದೇ ಒಂದು ಸ್ಥಳ ಖಾಲಿ. ಅಲ್ಲಿಯ ಮೇಲ್ವಿಚಾರಕರು ಚೀಟಿ ಬರೆಯಲು ಲೇಖನಿ ಹಿಡಿದು ಕಾಯುತ್ತಿದ್ದರು. ಮಾವನವರು ಕೈ ಅಡ್ಡ ಹಿಡಿದರು.

"ಇಂದು ಗುರುವಾರ. ಆನು ಉಣ್ತ್ನಿಲ್ಲೆ. ಉಣ್ಣದ್ದೆ ಹ್ಯಾಂಗೆ ಒಪ್ಪದು? ನಾಳೆ ಬಪ್ಪನ."

"ನಾಳೆ ಹೆಸರು ಬರಕತ್ವಿಲ್ಲೆ ಮಾವಾ! ಆನೇ ಉಂಡು ಹೇಳ್ತೆ!"

"ನಿಂಗೆ ಹಸಿವು ಎಂಥದ್ದು ಹೇಳಿ ಗೊತ್ತಿಲ್ಲೆ ತಮಾ. ನಿನ್ನ ನಾಲಿಗೆ ನಂಬಲಾಗ್ತಿಲ್ಲೆ."

ಸಂಜೆ ಗಡುವು ಕಳೆಯಿತು. ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು ನಾನು ಕೂಗಿದೆ: "ಹೊಟ್ಟೆಬಾಕ! ನಿನ್ನ ಹೊಟ್ಟೆಗೆ ಯನ್ನ ವಿದ್ಯೆ ಬಲಿಯಾತು!" ಹಿರಿಯರಿಗೆ ಆಡಬಾರದ ಮಾತು. ಬೆಳಗಿನಿಂದ ನೀರಷ್ಟೇ ಕುಡಿದಿದ್ದ ಅವರು ಬೆಳ್ಳಗೆ ನಕ್ಕು, "ಹೌದು ತಮಾ," ಎಂದರು. ಅಷ್ಟೇ.

ಮುಂದಿನ ವಾರವೇ ನನ್ನನ್ನು ಸೋಂದೆಯ ಕಡೆಯ ಒಂದು ಸಂಸ್ಕೃತ ಪಾಠಶಾಲೆಗೆ ಸೇರಿಸಿದರು. ಏಕೆ? ಅಲ್ಲಿ ಕಡೆಯ ಎಲೆಯಿಂದಲೇ ಬಡಿಸಲು ತೊಡಗುತ್ತಿದ್ದರು! ನನ್ನ ಜೊತೆಯವರು ಪ್ರಯೋಗಶಾಲೆಯಲ್ಲಿ ಬೆಳಕಿನ ಕಿರಣವನ್ನು ಅಳೆಯುತ್ತಿದ್ದಾಗ ನಾನು ಶಬ್ದರೂಪಗಳನ್ನು ಉರುಹೊಡೆಯುತ್ತಿದ್ದೆ. ದೇವಭಾಷೆಯಲ್ಲಿ ನನಗೆ ಭಕ್ತಿಯಿದೆ, ಅದು ನನಗೆ ಅನ್ನವಿತ್ತಿದೆ. ಆದರೆ ನಾನದನ್ನು ಆರಿಸಿಕೊಳ್ಳಲಿಲ್ಲ. ಮಜ್ಜಿಗೆ ನನಗಾಗಿ ಆರಿಸಿತು. ಆ ಕಹಿ ಇನ್ನೂ ನಾಲಿಗೆಯಿಂದ ಹೋಗಿಲ್ಲ.

ಆರೇಳು ವರ್ಷಗಳ ಬಳಿಕ ಯಲ್ಲಾಪುರದ ಒಂದು ಮನೆಗೆ ಶ್ರಾದ್ಧ ಮಾಡಿಸಲು ಹೋಗಿದ್ದೆ. ನಾನು ಯಾರ ಅಳಿಯನೆಂದು ತಿಳಿದೊಡನೆ ಆ ಮನೆಯ ವೃದ್ಧೆ ಬಾಗಿಲ ಸಂದಿಯಿಂದ ಈಚೆ ಬಂದರು.

"ಅಂವನ ಅಳಿಯನಾ ನೀನು? ಅಂವ ವಾರಾನ್ನ ಉಂಡ್ಕಂಡು ಇಲ್ಲೇ ಶಾಲೆಗೆ ಹೋಗ್ತಿದ್ದ. ದಿನಕ್ಕೊಂದು ಮನೆ. ಬುಧವಾರ ಯಂಗಳ ಮನೆ. ಆರು ಮನೆ ಸಿಕ್ಕಿತ್ತು, ಗುರುವಾರಕ್ಕೆ ಒಂದು ಮನೆ ಸಿಕ್ಕಿದ್ದಿಲ್ಲೆ. ಕೇಳಿದ್ರೆ 'ಇಂದು ವ್ರತ' ಹೇಳ್ತಿದ್ದ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಡೇ ಎಲೆ ಅಂವಂದು. ಮತ್ತೊಂದ್ಸಲ ಮಜ್ಜಿಗೆ ಕೇಳಿದ್ರೆ ಯಮ್ಮನೆ ಅತ್ತೆ ಅಂವನ ಮೋರೆ ನೋಡ್ತಿತ್ತು. ಆಮೇಲಾಮೇಲೆ ಅಂವ ಕೇಳದನ್ನೇ ಬಿಟ್ಟ."

ಮರುವಾರ, ಗುರುವಾರ ಮಧ್ಯಾಹ್ನ, ನಾನು ಮಾವನವರ ಮನೆಯ ಜಗುಲಿಯಲ್ಲಿ ಒಂದೇ ಒಂದು ಎಲೆ ಹಾಕಿದೆ.

"ಇಂದು ಗುರುವಾರ ಅಲ್ದನಾ?"

"ಹೌದು ಮಾವಾ. ಹಿಡಿದ ವ್ರತಕ್ಕೆ ಕಡೆಗೊಂದು ಉದ್ಯಾಪನೆ ಬೇಕು. ಶಾಸ್ತ್ರ ಓದಿಸಿದವ ನೀನು, ಹೇಳದು ಆನು. ಕೂತ್ಕ."

ಅವರು ಎಲೆಯ ಮುಂದೆ ಬಂದು ನಿಂತರು. "ಇದು ಮೊದಲ ಎಲೆಯೋ, ಕಡೇದೋ?"

"ಎರಡೂ."

ಕುಳಿತರು, ಉಂಡರು. ಕಾಲೇಜು ಕಳೆದದ್ದನ್ನು ನಾನು ಕ್ಷಮಿಸಿದೆನೆಂದು ಈಗಲೂ ಹೇಳಲಾರೆ. ಅಂದು ಅವರು ಮಜ್ಜಿಗೆ ಕೇಳಿದರು. ಮತ್ತೆ ಕೇಳಿದರು. ಮೂರನೆಯ ಸಲವೂ ಕೇಳಿದರು.

ನಾನು ಅವರ ಮುಖ ನೋಡದೆ ಬಡಿಸಿದೆ.