ಪುಟ ತಿರುವುವವನ ಮುಷ್ಕರ

ಧಿಕ್ಕಾರಪ್ಪನಿಗೆ ಹೆಂಡತಿಯಿಂದ ಹನ್ನೊಂದು ವರ್ಷದ ಕೂಲಿ ಬಾಕಿ. ದುಡ್ಡಲ್ಲ, ಅಚ್ಚಿನಲ್ಲಿ ಒಂದು ಹೆಸರು. (ಧಿಕ್ಕಾರಪ್ಪ ಅನ್ನುವುದು ಹೆತ್ತವರಿಟ್ಟದ್ದಲ್ಲ. ಅಚ್ಚುಕೂಟದ ಗೇಟಿನ ಮುಂದೆ ಇಪ್ಪತ್ತು ವರ್ಷ ‘ಧಿಕ್ಕಾರ’ ಕೂಗಿ ಗಂಟಲು ಹರಿದುಕೊಂಡದ್ದಕ್ಕೆ ಸಂಗಾತಿಗಳು ಕೊಟ್ಟ ಬಿರುದು.)

ಹೆಂಡತಿ ಪಿಯಾನೊ ಟೀಚರು. ವರ್ಷಕ್ಕೊಮ್ಮೆ ಟೌನ್ ಹಾಲಿನಲ್ಲಿ ಒಬ್ಬಳೇ ಕಛೇರಿ ಕೊಡುತ್ತಾಳೆ. ಪಕ್ಕದ ಸ್ಟೂಲಿನಲ್ಲಿ ಕೂತು, ಅವಳು ತಲೆಯಾಡಿಸಿದಾಗ ಎದ್ದು ಸ್ವರದ ಪುಸ್ತಕದ ಪುಟ ತಿರುವುವುದು ಇವನ ಕೆಲಸ.

ಈ ಸಲದ ಕಾರ್ಯಕ್ರಮದ ಹಾಳೆ ನೋಡಿದವನಿಗೆ ಪಿತ್ತ ನೆತ್ತಿಗೇರಿತು. ಮೂರು ಕೃತಿ: ಗುರುವಿನದು, ಅವನ ಶಿಷ್ಯನದು, ಆ ಶಿಷ್ಯನ ಶಿಷ್ಯನದು. ಒಂದೇ ಧಾಟಿ ಕೈಯಿಂದ ಕೈಗೆ ದಾಟಿ ಬಂದ ಚರಿತ್ರೆಯಂತೆ. ಕೆಳಗೆ ಸಾಲುಸಾಲು ವಂದನೆ.

“ಏನೇ ಇದು? ಗುರುವಿನ ಸ್ವರದ ಹಾಳೆ ನಕಲು ಮಾಡಿದ ಅವನ ಭಾವಮೈದುನನ ಹೆಸರಿದೆ! ಅವನು ಸತ್ತು ಇನ್ನೂರು ವರ್ಷ ಆಯ್ತು!”

“ಅವನು ಬರೆದಿಡದಿದ್ರೆ ಸಂಗೀತವೇ ಉಳೀತಿರಲಿಲ್ಲ ರೀ.”

“ನಾನು ತಿರುವದಿದ್ರೆ ಎರಡನೇ ಪುಟದಲ್ಲೇ ಗೊಟಕ್ ಅನ್ನುತ್ತೆ! ಕುರ್ಚಿ ಹಾಕಿದವರಿಗೂ ವಂದನೆ, ಗಂಡನಿಗೆ ನಾಮ!”

“ಅವರು ಇನ್ನೂರು ಕುರ್ಚಿ ಹೊತ್ತರು. ನೀವು ಹೊತ್ತಿದ್ದು ಒಂದು ಹಾಳೆ.”

ಊರಿನವರ ಮದುವೆ, ಸಾವು, ಚುನಾವಣೆ ಎಲ್ಲದಕ್ಕೂ ಸೀಸದ ಅಕ್ಷರದ ಮೊಳೆ ಮೊಳೆ ಜೋಡಿಸಿ ಹೆಸರು ಅಚ್ಚು ಹಾಕಿದ ಕೈ ಧಿಕ್ಕಾರಪ್ಪನದು. ತನ್ನ ಹೆಸರಿಗೆ ಮಾತ್ರ ಅಕ್ಷರಕ್ಷಾಮ! ಹಾಳೆಯ ಬೆನ್ನ ಮೇಲೆ ಮುಷ್ಕರದ ನೋಟಿಸು ಗೀಚಿದ. “ಬೇಡಿಕೆ ಈಡೇರದಿದ್ದರೆ ಮೂರನೇ ಕೃತಿಗೆ ಕೆಲಸ ಸ್ಥಗಿತ.” ಕಛೇರಿಯ ಸಂಜೆ ತೆರೆಯ ಹಿಂದೆ ಅವಳ ಕೈಗಿಟ್ಟ. ಅವಳು ಓದಿದಳು, ನಾಲ್ಕಾಗಿ ಮಡಚಿದಳು, ಕುಂಟುತ್ತಿದ್ದ ಅವನ ಸ್ಟೂಲಿನ ಕಾಲಿನಡಿಗೆ ಸಿಕ್ಕಿಸಿದಳು.

ಗುರು ಮುಗಿದ. ಶಿಷ್ಯ ಮುಗಿದ. ಶಿಷ್ಯನ ಶಿಷ್ಯನ ಎರಡನೇ ಪುಟದ ಕೊನೆಯಲ್ಲಿ ಅವಳು ತಲೆಯಾಡಿಸಿದಳು. ಧಿಕ್ಕಾರಪ್ಪ ಕೈಕಟ್ಟಿದ. ಮತ್ತೆ ಆಡಿಸಿದಳು. ಇವನು ಛಾವಣಿಯ ಫ್ಯಾನಿನ ರೆಕ್ಕೆ ಎಣಿಸಿದ. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಾದ.

ಎಲ್ಲಿ ನಿಲ್ಲುತ್ತೆ! ಅವಳು ಕಣ್ಣು ಮುಚ್ಚಿದಳು. ಪುಸ್ತಕ ಎರಡನೇ ಪುಟದಲ್ಲೇ ಕೂತಿತ್ತು, ಬೆರಳುಗಳು ಕೃತಿಯ ಹದಿನಾಲ್ಕೂ ಪುಟ ದಾಟಿ ದಡ ಸೇರಿದವು. ಇಡೀ ಹಾಲು ಎದ್ದು ನಿಂತಿತು. “ಪುಸ್ತಕ ನೋಡಲೇ ಇಲ್ಲ ಮಹಾತಾಯಿ!” ಅಂತ ಮುಂದಿನ ಸಾಲಿನಲ್ಲಿ ಯಾರೋ ಕೂಗಿದರು. ಮುಷ್ಕರ ಮಾಡಿದ್ದು ಇವನು, ಬೋನಸ್ಸು ಅವಳಿಗೆ!

“ಬಾಯಿಪಾಠ ಇತ್ತೇನೇ?” ತೆರೆಯ ಹಿಂದೆ ಹಲ್ಲು ಕಡಿದ.

“ಹನ್ನೊಂದು ವರ್ಷವೂ.”

“ಮತ್ತೆ ನನ್ನನ್ನ ಯಾಕೆ ಕೂರಿಸಿದೆ?”

“ಮೊದಲನೇ ಕಛೇರಿ ಮರೆತ್ರಾ? ಒಂದೇ ಕೃತಿಯ ಎರಡು ಭಾಗದ ನಡುವೆ ನಾನು ಉಸಿರು ತಗೊಂಡ್ರೆ, ಮುಗೀತು ಅಂದ್ಕೊಂಡು ಮೂರನೇ ಸಾಲಿಂದ ಎದ್ದು ಚಪ್ಪಾಳೆ ಹೊಡೆದು ‘ಹೋರಾಟಕ್ಕೆ ಜಯವಾಗಲಿ’ ಅಂದ್ರಿ. ಹಾಲಿನವರೂ ‘ಜಯವಾಗಲಿ’ ಅಂದ್ರು. ಅವತ್ತೇ ಅಂದುಕೊಂಡೆ, ಈ ಮನುಷ್ಯನ್ನ ಕಣ್ಣೆದುರೇ ಕೂರಿಸಿ ಕೈಗೇನಾದ್ರೂ ಕೊಡಬೇಕು ಅಂತ.”

ಧಿಕ್ಕಾರಪ್ಪ ಉರಿದುಹೋದ. ಉರಿಯಲೇಬೇಕು. ಪುಟ ತಿರುವಿದ್ದು ಕೆಲಸವಲ್ಲ ಅಂತಲೇ ಇಟ್ಟುಕೊಳ್ಳಿ. ಹನ್ನೊಂದು ವರ್ಷ ಬಾಯಿ ಮುಚ್ಚಿ ಕೂತದ್ದು? ಅಚ್ಚುಕೂಟದ ಮಾಲೀಕ ಪೊಲೀಸರನ್ನು ಕರೆಸಿದರೂ ಆಗದ ಕೆಲಸ ಅದು! ಆ ಹಾಲಿನಲ್ಲಿ ನೀವೂ ಇದ್ದಿರಿ, ನೆಮ್ಮದಿಯಾಗಿ ಕೇಳಿದಿರಿ, ಅವನತ್ತ ಒಂದು ಚಪ್ಪಾಳೆ ಹೊಡೆಯಲಿಲ್ಲ. ಈಗ ಹೇಳಿ: ಮುಂದಿನ ಹಾಳೆಯಲ್ಲಿ ಅವನ ಹೆಸರು ಹಾಕಿಸುತ್ತೀರೋ, ಇಲ್ಲ ಅವನನ್ನು ನಿಮ್ಮ ಪಕ್ಕದ ಕುರ್ಚಿಗೇ ಕಳಿಸಬೇಕೋ?