ಜಾಗವಿದ್ದೂ ಇಲ್ಲವೆಂದ ಕಂಪ್ಯೂಟರು

ಆ ಸೋಮವಾರ ಬೆಳಿಗ್ಗೆ ನಾನು ಬಹಳ ಹುರುಪಿನಲ್ಲಿದ್ದೆ. ಬೈಲಹೊಂಗಲದ ಪೇಟೆಯಲ್ಲಿರುವ ನನ್ನ ಪುಟ್ಟ ಮುದ್ರಣದ ಅಂಗಡಿಯ ಕಂಪ್ಯೂಟರನ್ನು ಸುಧಾರಿಸಿಯೇ ತೀರಬೇಕೆಂದು ಸಂಕಲ್ಪ ಮಾಡಿದ್ದೆ. ಅದು ಕೆಟ್ಟಿತ್ತೇ? ಇಲ್ಲ. ಕೆಟ್ಟದ್ದನ್ನು ಯಾರಾದರೂ ರಿಪೇರಿ ಮಾಡಬಲ್ಲರು. ಕೆಡದೇ ಇರುವುದನ್ನು ರಿಪೇರಿ ಮಾಡಲು ನನ್ನಂಥವನೇ ಬೇಕು!

ನನಗೆ ಅನುಮಾನ ಹುಟ್ಟಿನಿಂದ ಬಂದ ಗುಣ. ಮನೆಗೆ ಬೀಗ ಹಾಕಿ, ಓಣಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಜಗ್ಗಿದ್ದರಿಂದಲೇ ಅದು ಸಡಿಲಾಗಿರಬಹುದೆಂದು ಮತ್ತೊಮ್ಮೆ ಬಂದು ನೋಡುತ್ತೇನೆ. ಅಂಗಡಿಯ ಕಂಪ್ಯೂಟರನ್ನು ನಡೆಸಲು ಲಿನಕ್ಸ್ ಎಂಬ ವ್ಯವಸ್ಥೆ ಹಾಕಿಸಿಕೊಂಡದ್ದೂ ವೈರಸ್ಸುಗಳ ಮೇಲಿನ ಅನುಮಾನದಿಂದಲೇ. ಕಿತ್ತೂರಿನ ಗೆಳೆಯನೊಬ್ಬ ಬಂದು ಹಾಕಿಕೊಟ್ಟು ಹೋದ. ಅಂದಿನಿಂದ ಅದು ಒಂದು ದಿನವೂ ತಕರಾರು ಮಾಡಲಿಲ್ಲ. ಇಷ್ಟು ವರ್ಷ ತಕರಾರೇ ಮಾಡದವರನ್ನು ನಂಬುವುದು ಹೇಗೆ? ಒಳಗೆ ಏನೋ ನಡೆದಿರಬೇಕು ಎಂದು ಭಾನುವಾರದ ಬಿಡುವಿನಲ್ಲಿ ಆ ಬಗ್ಗೆ ಓದುತ್ತ ಕುಳಿತೆ. ಓದಬಾರದಾಗಿತ್ತು.

ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನನಿದ್ದಾನಂತೆ. ನಾವು ತೆರೆಯುವ ಪ್ರತಿಯೊಂದು ಪ್ರೋಗ್ರಾಮೂ ಅವನ ಮುಂದೆ ನಿಂತು "ನನಗಿಷ್ಟು ಮೆಮರಿ ಬೇಕು" ಎಂದು ಕೇಳುತ್ತದೆ. ಅವನು ತನ್ನ ಹತ್ತಿರ ನಿಜವಾಗಿ ಎಷ್ಟಿದೆಯೆಂದು ತಲೆ ಕೆಡಿಸಿಕೊಳ್ಳದೆ "ತಗೋ" ಎನ್ನುತ್ತಾನೆ. ಇನ್ನೊಂದು ಬಂದರೆ ಅದಕ್ಕೂ "ತಗೋ". ಕೊಟ್ಟದ್ದು ಬರೀ ಮಾತು! ಕೇಳಿದವರು ಯಾರೂ ಕೇಳಿದಷ್ಟನ್ನೂ ಬಳಸುವುದಿಲ್ಲ ಎಂಬ ಭಂಡ ಧೈರ್ಯದ ಮೇಲೆ ಅವನ ಸಂಸಾರ ನಡೆದಿದೆ. ಈ ವ್ಯವಹಾರಕ್ಕೆ ವರ್ಚುವಲ್ ಮೆಮರಿ ಎಂಬ ಮರ್ಯಾದಸ್ಥ ಹೆಸರು ಬೇರೆ. ಮೆಮರಿ ಕಡಿಮೆ ಬಿದ್ದರೆ ಸ್ವಾಪ್ ಎಂದು ಡಿಸ್ಕಿನ ಒಂದು ಮೂಲೆಗೆ ಸಾಮಾನು ಸಾಗಿಸುತ್ತಾನೆ. ಅದೂ ಸಾಲದಿದ್ದರೆ? ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಪ್ರೋಗ್ರಾಮನ್ನು ಹುಡುಕಿ, ಹೇಳದೆ ಕೇಳದೆ ಮುಗಿಸಿಬಿಡುತ್ತಾನೆ!

ನನ್ನದೇ ಅಂಗಡಿಯಲ್ಲಿ, ನನ್ನದೇ ಕರೆಂಟು ತಿಂದುಕೊಂಡು, ಒಬ್ಬ ಸುಳ್ಳುಗಾರ ಕೂತಿದ್ದಾನೆ. ಸುಳ್ಳುಗಾರನಷ್ಟೇ ಅಲ್ಲ, ಕೊಲೆಗಾರ!

ನಾಷ್ಟಾ ಮಾಡುವಾಗ ಈ ಗಂಭೀರ ವಿಷಯವನ್ನು ನನ್ನ ಹೆಂಡತಿ ಮಹಾದೇವಿಯ ಗಮನಕ್ಕೆ ತಂದೆ. ಅವಳು ಅವಲಕ್ಕಿಯ ಮೇಲೆ ಶೇಂಗಾ ಪುಡಿ ಉದುರಿಸುತ್ತ ಕೇಳಿಸಿಕೊಂಡಳು.

"ಈಗ ಕಂಪ್ಯೂಟರ್ ನಡ್ಯಾಕತ್ತೈತಿಲ್ರಿ?"

"ನಡ್ಯಾಕತ್ತೈತಿ. ಅದ ನನಗ ಸಂಶೆ."

"ಇವತ್ತೊಂದ್ ದಿನಾ ಅದರ ಹೊಟ್ಟ್ಯಾಗ ಕೈ ಹಾಕಬ್ಯಾಡ್ರಿ. ಮಧ್ಯಾಹ್ನ ಈರಣ್ಣ ಬರ್ತಾನ. ಮೊದಲನೇ ಪತ್ರಿಕಿ ಇವತ್ತ ಮನಿದೇವರ ಮುಂದ ಇಡಬೇಕು. ನಮ್ಮ ಮನಿಯವ್ರು ಮಾಡಿಕೊಡ್ತಾರ ಅಂತ ತವರುಮನಿಗೆ ಮಾತ ಕೊಟ್ಟೇನಿ."

ಈರಣ್ಣ ಅವಳ ತಮ್ಮ, ಮುನವಳ್ಳಿಯವನು. ಅವನ ಮಗಳ ಲಗ್ನ ಗೊತ್ತಾಗಿತ್ತು. ಅವರ ಮನೆತನದಲ್ಲಿ ಮೊದಲ ಲಗ್ನಪತ್ರಿಕೆಯನ್ನು ಸೋಮವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ದೇವರ ಮುಂದಿಡಬೇಕು. ಅದಾಗದೆ ಯಾರ ಮನೆಗೂ ಕರೆಯಲು ಹೋಗುವಂತಿಲ್ಲ. ಈ ಸೋಮವಾರ ತಪ್ಪಿದರೆ ಇಡೀ ಬಳಗ ಇನ್ನೊಂದು ವಾರ ಕೈಕಟ್ಟಿ ಕೂರಬೇಕು, ಮಹಾದೇವಿ ತವರಿನಲ್ಲಿ ತಲೆ ತಗ್ಗಿಸಬೇಕು. ಪತ್ರಿಕೆಯ ವಿನ್ಯಾಸವೆಲ್ಲ ಕಂಪ್ಯೂಟರಿನಲ್ಲಿ ತಯಾರಾಗಿತ್ತು. ಒಂದು ಪ್ರತಿ ತೆಗೆದು ಕೊಟ್ಟರೆ ಆಯಿತು.

"ಅದಕ್ಕ ಇವತ್ತ ಸುಧಾರಿಸಬೇಕು" ಎಂದೆ. "ಪತ್ರಿಕಿ ತೆಗೆಯೂ ಮುಂದ ಅಂವ ಆ ಪ್ರೋಗ್ರಾಮನ್ನ ಕೊಂದ್ರ ಏನ್ ಮಾಡ್ತಿ?"

"ಇಷ್ಟ ದಿನಾ ಕೊಂದಾನೇನ್ರಿ?"

"ಸಂಧಿ ಕಾಯಾಕತ್ತಾನ!"

ಅವಳು ದೇವರ ಕೋಣೆಯ ಕಡೆ ನೋಡಿ ಕೈ ಮುಗಿದಳು. ನನಗಾಗಿ ಎಂದುಕೊಂಡೆ.

ಅಂಗಡಿಗೆ ಬಂದವನೇ ಕರ್ನಲ್‌ನ ನಿಯಮಗಳಿಗೆ ಕೈ ಹಾಕಿದೆ. ಮಾತು ಕೊಡುವ ವಿಷಯದಲ್ಲಿ ಅವನಿಗೆ ಮೂರು ಸ್ವಭಾವಗಳಿವೆ. ಸೊನ್ನೆ ಎಂದು ಬರೆದರೆ ಅಂದಾಜಿನ ಮೇಲೆ ಕೊಡುತ್ತಾನೆ; ಕಂಪ್ಯೂಟರು ಹುಟ್ಟುತ್ತ ಬರುವುದು ಹೀಗೆ. ಒಂದು ಎಂದು ಬರೆದರೆ ಕಣ್ಣು ಮುಚ್ಚಿ ಎಲ್ಲರಿಗೂ ಕೊಡುತ್ತಾನೆ. ಎರಡು ಎಂದರೆ ಲೆಕ್ಕ ಹಾಕಿ, ಮಿತಿಯೊಳಗಿದ್ದರೆ ಮಾತ್ರ ಕೊಡುತ್ತಾನೆ. ಎರಡು! ಇದಕ್ಕಿಂತ ಸುಸಂಸ್ಕೃತವಾದ ಸಂಖ್ಯೆ ಜಗತ್ತಿನಲ್ಲಿ ಇನ್ನೊಂದಿಲ್ಲ ಎನಿಸಿತು. ಹಾಕಿದೆ.

ಸ್ವಾಪ್ ಮೇಲೂ ಸಂಶಯ ಬಂತು. ಮೆಮರಿಯ ಸಾಮಾನು ಡಿಸ್ಕಿನ ಮೂಲೆಗೆ ಯಾಕೆ ಹೋಗಬೇಕು? ಅದನ್ನು ಬಂದ್ ಮಾಡಿದೆ. ಇನ್ನು ಮಿತಿ. ಇರುವ ಮೆಮರಿಯಲ್ಲಿ ಎಷ್ಟು ಭಾಗ ಹಂಚಬೇಕೆಂದು ನಾವೇ ಹೇಳಬಹುದು. ಅರ್ಧ ಎಂದಿತ್ತು. ಅರ್ಧ! ಹೊತ್ತು ಬಂದರೆ ಕೈಯಲ್ಲಿ ಏನಾದರೂ ಇರಬೇಡವೇ? ಕಾಲು ಭಾಗಕ್ಕಿಂತ ಕೆಳಗೆ ಇಳಿಸಿದೆ. ಇದೆಲ್ಲ ಮರೆತುಹೋಗಬಾರದೆಂದು, ಕಂಪ್ಯೂಟರು ಪ್ರತಿ ಸಲ ಶುರುವಾದಾಗಲೂ ಇದೇ ನಿಯಮ ಜಾರಿಯಾಗುವಂತೆ ಖಾಯಂ ಬರೆದಿಟ್ಟೆ. ರಾಜ್ಯಭಾರವೆಂದರೆ ಇದು.

ಆಮೇಲೆ ಪತ್ರಿಕೆ ತೆರೆಯಲು ವಿನ್ಯಾಸದ ಪ್ರೋಗ್ರಾಮ್ ಒತ್ತಿದೆ. "ಮೆಮರಿ ಕೊಡಲಾಗದು" ಎಂದಿತು. ಕ್ಯಾಲ್ಕ್ಯುಲೇಟರ್ ಒತ್ತಿದೆ. ಅದಕ್ಕೂ ಮೆಮರಿ ಕೊಡಲಾಗದಂತೆ! ಎಷ್ಟು ಖಾಲಿಯಿದೆ ಎಂದು ನೋಡಿದರೆ ಮುಕ್ಕಾಲು ಮೆಮರಿ ಖಾಲಿ ಬಿದ್ದಿತ್ತು. ಸೀಟುಗಳೆಲ್ಲ ಖಾಲಿಯಿದ್ದರೂ ಬಾಗಿಲಲ್ಲಿ ನಿಂತು "ಜಾಗಾ ಇಲ್ಲ" ಎನ್ನುವ ಕಂಡಕ್ಟರನನ್ನು ನಾನೇ ನೇಮಿಸಿದ್ದೆ. ಆದರೆ ಅದು ಆಗ ನನಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋಗುತ್ತದೆ.

ಬಂದ್ ಮಾಡಿದೆ. ಚಾಲೂ ಮಾಡಿದೆ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ಖಾಯಂ ಬರೆದಿಟ್ಟಿದ್ದೆನಲ್ಲ!

ಅಷ್ಟರಲ್ಲಿ ಈರಣ್ಣ ಬಂದ, ಅವನ ಹಿಂದೆಯೇ ಅರಿಷಿಣ, ಕುಂಕುಮ, ವೀಳ್ಯದೆಲೆಯ ತಾಟು ಹಿಡಿದು ಮಹಾದೇವಿ. ಇಬ್ಬರೂ ಕಪ್ಪು ಪರದೆಯನ್ನು ನೋಡಿದರು. ನಾನು ಸೀಲಿಂಗ್ ಫ್ಯಾನು ನೋಡಿದೆ.

"ಕೈ ಹಾಕಿದ್ರಿ?" ಎಂದಳು ಮಹಾದೇವಿ.

"ಸಣ್ಣ ಸುಧಾರಣಾ..."

ಈರಣ್ಣ ಸ್ಟೂಲಿನ ಮೇಲೆ ಕೂತ. "ನಡೀತೈತಿ ಮಾಮಾರ, ಇನ್ನೂ ಹೊತ್ತೈತಿ. ಆದ್ರ ಆಗಿದ್ದೇನು?"

ಕರ್ನಲ್‌ನ ಕಪಟವನ್ನೆಲ್ಲ ವಿವರಿಸಿದೆ. ಈರಣ್ಣ ಬಾಯಿ ತೆರೆದು ಕೇಳಿ, ಕೊನೆಗೆ ನಕ್ಕ.

"ಅದರಾಗ ಅವಂದೇನ್ ತಪ್ಪೈತ್ರಿ? ನಾನೂ ಹಂಗ ಮಾಡಾಂವ. ಮುನವಳ್ಳಿ, ಸವದತ್ತಿ, ಸಾಲಹಳ್ಳಿ, ರಾಮದುರ್ಗ, ಎಲ್ಲಾ ಕಡೆ ಕರದು ಬರ್ತೇನಿ. ಅಡಗಿ ಮಾತ್ರ ಅಷ್ಟ ಮಂದಿಗೆ ಮಾಡ್ಸೂದಿಲ್ಲ."

"ಎಲ್ಲಾರೂ ಬಂದ್ರ?"

"ಎಲ್ಲಾರೂ ಬರಂಗಿಲ್ರಿ ಮಾಮಾರ. ಹಂಗಂತ ಅಳದು ತೂಗಿ ಕರದ್ರ ಒಬ್ಬಾಂವನೂ ಬರಂಗಿಲ್ಲ."

"ಬಂದ್ರ ಅಂತೇನಿ!"

"ಬಂದ್ರ ಸಾರಿಗೆ ನೀರು. ಬಾಜೂ ಮನ್ಯಾಗಿಂದ ಅಕ್ಕಿ."

"ಅದೂ ಸಾಲ್ದಿದ್ರ?"

ಈರಣ್ಣ ನನ್ನ ಹೊಟ್ಟೆಯನ್ನು ಮೇಲಿಂದ ಕೆಳಗೆ ನೋಡಿದ. "ಎಲ್ಲಾರಿಗಿಂತ ಜಾಸ್ತಿ ಉಣ್ಣಾವ್ರನ್ನ ಪಂಕ್ತಿಯಿಂದ ಎಬ್ಬಿಸೂದು."

ಮಹಾದೇವಿ ಸೆರಗು ಬಾಯಿಗೆ ಹಚ್ಚಿ ನಕ್ಕಳು. ತಾಟಿನಲ್ಲಿನ ವೀಳ್ಯದೆಲೆ ಕೂಡ ಅಲುಗಿತು.

ದುರಸ್ತಿಗೆ ದಾರಿ ಇಲ್ಲದಿರಲಿಲ್ಲ. ಕಂಪ್ಯೂಟರನ್ನು ರಿಕವರಿ ಎಂಬ ಹಿತ್ತಲ ಬಾಗಿಲಿನಿಂದ ಒಳಹೊಕ್ಕು ನಿಯಮ ಬದಲಿಸಬಹುದಿತ್ತು. ಹೊಕ್ಕೆ. ಪಾಸ್‌ವರ್ಡ್ ಕೇಳಿತು. ಹಿತ್ತಲ ಬಾಗಿಲಿಗೂ ಬೀಗ ಹಾಕಿದ್ದ ಮಹಾನುಭಾವ ಯಾರು? ನಾನೇ! ಪಕ್ಕದಲ್ಲಿ ಟ್ರ್ಯಾಕ್ಟರಿನ ಸೀಟಿಗೆ ಕವರ್ ಹೊಲಿಯುವ ರಫೀಕನ ಮೇಲೆ ಸಂಶಯ ಬಂದು ಹೋದ ತಿಂಗಳಷ್ಟೇ ಅದನ್ನು ಬದಲಿಸಿದ್ದೆ. ಅವನು ಮೇಲಿಂದ ಮೇಲೆ ಚಹಾ ಕುಡಿಯಲು ಬರುತ್ತಿದ್ದ. ಬರೀ ಚಹಾಕ್ಕೆ ಯಾರಾದರೂ ಅಷ್ಟು ಸಲ ಬರುತ್ತಾರೆಯೇ?

ನೆನಪಾದ ಶಬ್ದಗಳನ್ನೆಲ್ಲ ಹೊಡೆದೆ. ಒಂದೂ ನಡೆಯಲಿಲ್ಲ. ಕಂಪ್ಯೂಟರಿನ ಮೆಮರಿಯ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವನು ನನ್ನದರ ಬಗ್ಗೆ ಸ್ವಲ್ಪ ಯೋಚಿಸಬಹುದಿತ್ತು.

ಗದ್ದಲ ಕೇಳಿ ರಫೀಕ ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಬಂದ. "ಏನಾತ್ರಿ ಅಣ್ಣಾರ? ಪಾಸ್‌ವರ್ಡ್ ಮರ್ತ್ರಿ?"

"ಇಲ್ಲ. ನೆನಪ ಮಾಡ್ಕೊಳ್ಳಾಕತ್ತೇನಿ."

"ಹಳೇದು ಹೇಳ್ಲೋ, ಹೊಸಾದು ಹೇಳ್ಲೋ?"

ನಾನು ಕುರ್ಚಿ ಸಮೇತ ಅವನ ಕಡೆ ತಿರುಗಿದೆ.

"ಯಾರನ್ನೂ ನಂಬಬ್ಯಾಡ, ಅದು ಹಳೇದು. ರಫೀಕನ್ನ ಮದಲ ನಂಬಬ್ಯಾಡ, ಇದು ಹೊಸಾದು. ಇಂಗ್ಲಿಷ್ ಅಕ್ಷರದಾಗ, ನಡುವ ಜಾಗಾ ಬಿಡದಂಗ, ಕಡೀಕ ಒಂದ್ ಚುಕ್ಕಿ."

"ನಿನಗ... ನಿನಗ ಹೆಂಗ ಗೊತ್ತು?"

"ನೀವು ಒಂದೊಂದ ಅಕ್ಷರಾ ಒದರಕೋತ ಹೊಡೀತೀರಲ್ರಿ! ನಮ್ಮ ಮಷೀನಿನ ಸಪ್ಪಳದಾಗೂ ಕೇಳ್ತೈತಿ. ಆಚಿ ಕಡೆ ಹೇರ್ ಕಟಿಂಗ್ ಅಂಗಡಿಯವ್ರಿಗೂ ಬಾಯಿಪಾಠ ಆಗೈತಿ."

ಹೊಡೆದೆ. ಬಾಗಿಲು ತೆರೆಯಿತು. ರಫೀಕ ನನ್ನ ಬೆನ್ನು ತಟ್ಟಿ, ಚಹಾ ಹೇಳಿ ಬರಲು ಹೋದ. ನನಗೂ ಸೇರಿಸಿ.

ನಾಚಿಕೆ ಕೆಟ್ಟದ್ದು. ಅದು ಮನುಷ್ಯನನ್ನು ಒಂದು ಗುಂಡಿಯಿಂದ ಎತ್ತಿ ಎದುರಿನ ಗುಂಡಿಗೆ ಒಗೆಯುತ್ತದೆ. ಸುಮ್ಮನೆ ಸೊನ್ನೆ ಎಂದು ಬರೆದು, ಸ್ವಾಪ್ ಮತ್ತೆ ಚಾಲೂ ಮಾಡಿದ್ದರೆ ಎಲ್ಲವೂ ಮೊದಲಿನಂತಾಗುತ್ತಿತ್ತು. ಆದರೆ ಈರಣ್ಣನ ಔದಾರ್ಯ, ರಫೀಕನ ಚಹಾ, ಇವೆಲ್ಲದರ ಎದುರು ನನ್ನ ಬಾಳೆಲ್ಲ ಸಣ್ಣತನ ಎನಿಸಿಬಿಟ್ಟಿತು. ಇನ್ನು ಮುಂದೆ ಎಲ್ಲರನ್ನೂ ನಂಬುತ್ತೇನೆ! ಕೇಳಿದವರಿಗೆಲ್ಲ ಕೊಡು! ಕಣ್ಣಂಚು ಒದ್ದೆ ಮಾಡಿಕೊಂಡು "ಒಂದು" ಎಂದು ಬರೆದೆ. ಆ ಭಾವಾವೇಶದಲ್ಲಿ ಸ್ವಾಪ್ ನೆನಪಾಗಲಿಲ್ಲ.

ಕಂಪ್ಯೂಟರು ಎದ್ದಿತು. ಏನು ಕೇಳಿದರೂ ತೆರೆಯಿತು. ವಿನ್ಯಾಸದ ಪ್ರೋಗ್ರಾಮು ತೆರೆಯಿತು, ವಧೂವರರ ದೊಡ್ಡ ದೊಡ್ಡ ಫೋಟೋಗಳು ತೆರೆದವು, ಇಂಟರ್‌ನೆಟ್ಟೂ ತೆರೆಯಿತು. ಪತ್ರಿಕೆ ಪರದೆಯ ತುಂಬ ಝಗಝಗಿಸಿತು. "ನೋಡ್ರಿ!" ಎಂದು ಕೂಗಿ ಪ್ರಿಂಟ್ ಒತ್ತಿದೆ.

ಪತ್ರಿಕೆ ಮಾಯವಾಯಿತು.

ವಿನ್ಯಾಸದ ಪ್ರೋಗ್ರಾಮೇ ಇರಲಿಲ್ಲ. ಏನಾಯಿತೆಂದು ಕರ್ನಲ್‌ನ ವರದಿ ತೆಗೆದು ನೋಡಿದೆ. ಮೆಮರಿ ಮುಗಿಯಿತು, ಇಂಥದ್ದನ್ನು ಕೊಂದೆ ಎಂದು ಹೆಸರು ಸಮೇತ ಒಪ್ಪಿಕೊಂಡಿದ್ದ. ನಾನು ಕುರ್ಚಿಯಿಂದ ಹಾರಿ ಎದ್ದೆ. "ನಾ ಹೇಳಿರಲಿಲ್ಲಾ! ಕೊಂದೇ ಬಿಟ್ಟ! ನನ್ನ ಸಂಶೆ ಖರೇ ಆತು!"

ಜೀವಮಾನದಲ್ಲಿ ಮೊದಲ ಸಲ ನನ್ನ ಅನುಮಾನ ನಿಜವಾಗಿತ್ತು. ಸಂತೋಷಪಡುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ. ಮಹಾದೇವಿ ಮತ್ತು ಈರಣ್ಣ ನನ್ನ ಕಡೆ ಬೆನ್ನು ಮಾಡಿ, ಪೇಪರ್ ಕತ್ತರಿಸುವ ಮೇಜಿನ ಮೇಲೆ ಬಗ್ಗಿದ್ದರು. ಅವಳು ಒಳ್ಳೆಯದೊಂದು ಹಳದಿ ಹಾಳೆ ಆರಿಸಿ, ತನ್ನ ದುಂಡು ಅಕ್ಷರದಲ್ಲಿ ಪತ್ರಿಕೆಯನ್ನು ಬರೆದೇ ಮುಗಿಸಿದ್ದಳು. ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಳು.

"ಇಷ್ಟ ಚಂದ ಪ್ರಿಂಟಿನ್ಯಾಗೂ ಬರ್ತಿರಲಿಲ್ಲ ಅಕ್ಕಾ" ಎಂದ ಈರಣ್ಣ. ಹಾಳೆಯನ್ನು ಕಣ್ಣಿಗೊತ್ತಿಕೊಂಡು, ತಾಟಿನಲ್ಲಿಟ್ಟು, ಮುನವಳ್ಳಿಯ ಕಡೆ ಹೊರಟೇಬಿಟ್ಟ. ದೀಪ ಹಚ್ಚುವುದಕ್ಕೆ ಮೊದಲೇ ಮುಟ್ಟಿದನಂತೆ. ಮಹಾದೇವಿಯ ಮಾತು ಉಳಿಯಿತು.

ಮರುದಿನ ಸೊನ್ನೆ ಬರೆದೆ, ಸ್ವಾಪ್ ಚಾಲೂ ಮಾಡಿದೆ. ಕಂಪ್ಯೂಟರು ಎಂದಿನಂತೆ ಸುಳ್ಳು ಹೇಳುತ್ತ ಸುಖವಾಗಿ ನಡೆಯಿತು. ಉಳಿದ ಪತ್ರಿಕೆಗಳೂ ದೇವರ ಮುಂದಿಟ್ಟದ್ದರಂತೆಯೇ ಇರಬೇಕೆಂದು ಮಹಾದೇವಿ ಬರೆದದ್ದರ ಫೋಟೋವನ್ನು ಈರಣ್ಣ ಕಳಿಸಿದ. ಸುಖಾಗಮನ ಬಯಸುವವರ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ಕೆಳಗಿಂದ ಮೇಲೆ ಓದಿದೆ. ಸಾಲಹಳ್ಳಿಯ ದೂರದ ಅಜ್ಜನ ಹೆಸರೂ ಇತ್ತು. ನನ್ನದಿರಲಿಲ್ಲ.

"ನನ್ನ ಹೆಸರೆಲ್ಲಿ?" ಎಂದು ಕೇಳಿದೆ.

"ಜಾಗಾ ಸಾಲ್ಲಿಲ್ರಿ" ಎಂದಳು ಮಹಾದೇವಿ, ಸೊಪ್ಪು ಸೋಸುತ್ತ.

ಹಾಳೆಯ ಕೆಳಗೆ ಗೇಣುದ್ದ ಜಾಗ ಖಾಲಿಯಿತ್ತು. ತೋರಿಸಲು ನನಗೆ ಧೈರ್ಯ ಬರಲಿಲ್ಲ. ನಾನೇ ಸೇರಿಸಿಬಿಡೋಣವೆಂದರೆ, ದೇವರ ಮುಂದಿಟ್ಟ ಪತ್ರಿಕೆಯಲ್ಲಿ ಒಂದಕ್ಷರವನ್ನೂ ತಿದ್ದಬಾರದೆಂದು ಈರಣ್ಣನ ತಾಯಿ, ಅಂದರೆ ನನ್ನ ಅತ್ತೆ, ಹೇಳಿ ಕಳಿಸಿದ್ದರು. ನನ್ನ ಹೆಸರಿಲ್ಲದ ಪತ್ರಿಕೆಯನ್ನು ನನ್ನ ಅಂಗಡಿಯಲ್ಲಿ ನಾನೇ ಕಟ್ಟುಗಟ್ಟಲೆ ಹೊಡೆದೆ. ಒಂದೂ ಕೆಡಲಿಲ್ಲ!

ಲಗ್ನದ ದಿನ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹಿರಿಯರೊಬ್ಬರು ನನ್ನನ್ನು ಬಹಳ ಹೊತ್ತು ಸಂಶಯದಿಂದ ನೋಡಿ ಕೇಳಿದರು: "ತಮ್ಮದು ಯಾವ ಕಡಿ ಆತ್ರಿ? ಗಂಡಿನ ಕಡಿಯವ್ರೋ, ಹೆಣ್ಣಿನ ಕಡಿಯವ್ರೋ?"

ಹೆಣ್ಣಿನ ಸೋದರತ್ತೆಯ ಗಂಡ ಎಂದರೆ ಅವರು ಪತ್ರಿಕೆ ತೆಗೆದು ನೋಡುತ್ತಾರೆ.

"ಪತ್ರಿಕಿ ಪ್ರಿಂಟ್ ಮಾಡಿದಾಂವ್ರಿ" ಎಂದೆ.

"ಹೌದೇನ್ರಿ, ಪಾಪ!" ಎಂದರು ಹಿರಿಯರು. ಬಡಿಸುವವನನ್ನು ಕರೆದು ಹೇಳಿದರು: "ತಮ್ಮಾ, ಇವ್ರಿಗೂ ಒಂದ್ ಹೋಳಿಗಿ ಹಾಕು. ಕರೀದಿದ್ರೂ ಬಂದಾರ."